ಹೆಸರಿಲ್ಲದ ಶತ್ರುಗಳು

ನಮ್ಮ ಮಧುಗಿರಿ, ಪಾವಗಡದ ಹುಡುಗರು ವಿಡಿಯೋ ಗೇಮ್ ಬಗ್ಗೆ ಮಾತಾಡುವುದನ್ನು ಕೇಳಿದರೆ ಸಿನಿಮಾ ವಿಮರ್ಶೆ ಕೇಳಿದಂತಿರುತ್ತದೆ. 2020ರಲ್ಲಿ ಬಂದು, 2024ರಲ್ಲಿ ಕಂಪ್ಯೂಟರಿಗೂ ಇಳಿದ ‘ಘೋಸ್ಟ್ ಆಫ್ ತ್ಸುಶಿಮಾ’ ಅಂಥ ಚರ್ಚೆಗೆ ತಕ್ಕ ಆಟ.

1274ರಲ್ಲಿ ಮಂಗೋಲರು ಜಪಾನಿನ ತ್ಸುಶಿಮಾ ದ್ವೀಪಕ್ಕೆ ನುಗ್ಗಿದ್ದು ಚರಿತ್ರೆ. ಅವರನ್ನು ಎದುರಿಸುವ ಸಮುರಾಯ್ ಜಿನ್ ಸಕಾಯ್ ಕಲ್ಪನೆ. ಆಡಿದವರು ಕತ್ತಿವರಸೆಯನ್ನು ಹೊಗಳುತ್ತಾರೆ. ದಾರಿ ತೋರಿಸಲು ಬಾಣದ ಗುರುತಿಲ್ಲ, ಗಾಳಿಗೆ ಹುಲ್ಲು ಬಾಗಿದ ಕಡೆ ಹೋಗಬೇಕು. ಇದು ನಿಜಕ್ಕೂ ಕಾವ್ಯದ ಗುಣ. ನರಿಯ ಹಿಂದೆ ಓಡುವುದು, ಹಳ್ಳಿ ಬಿಡಿಸುವುದು, ಮತ್ತೆ ಅದೇ ಎಂಬ ದೂರೂ ಇದೆ. (ಮಧುಗಿರಿ ಬೆಟ್ಟವನ್ನು ಏದುಸಿರು ಬಿಟ್ಟು ಹತ್ತಿದವರಿಗೆ, ದಣಿವೇ ಇಲ್ಲದೆ ಬಂಡೆ ಏರುವ ಜಿನ್ ನಗು ತರಿಸಿಯಾನು.)

ನನ್ನ ತಕರಾರು ಬೇರೆ. ಮರೆಯಿಂದ ಕೊಲ್ಲುವುದು ಧರ್ಮವೇ ಎಂದು ಜಿನ್ ತನ್ನನ್ನು ಸಾಕಿದ ಮಾವನೊಡನೆ ಸೆಣಸುತ್ತಾನೆ. ಆ ಸಂಕಟ ಅವನೊಬ್ಬನದೇ. ಎದುರಾಳಿ ಖೋತುನ್ ಖಾನನಿಗೆ ಬುದ್ಧಿಯಿದೆ, ಜಪಾನಿ ಭಾಷೆಯನ್ನೂ ಕಲಿತಿದ್ದಾನೆ. ಅವನ ಸೈನಿಕರಿಗೆ ಮಾತ್ರ ಹೆಸರಿಲ್ಲ, ಮನೆಯಿಲ್ಲ. ಹೆಕ್ಕಿದ ಕಾಗದಪತ್ರಗಳಲ್ಲಿ ಅವರ ಬದುಕಿನ ಚೂರುಗಳಿವೆ ನಿಜ. ಆದರೆ ಕತ್ತಿ ಕೈಯಲ್ಲಿರುವಾಗ ಓದುವ ಪುರುಸೊತ್ತು ಯಾರಿಗೆ?

ಇಂಥದೇ ಆಟವನ್ನು ನಮ್ಮ ಶಿರಾದ ಮೇಲೆ ಕಟ್ಟಿದರೆ? ಅಲ್ಲಿನ ಕೋಟೆ ಕಟ್ಟಲು ತೊಡಗಿದವನು ರಂಗಪ್ಪ ನಾಯಕ. ಗೆದ್ದುಕೊಂಡವರು ಬಿಜಾಪುರದವರು. ಅವರ ಸುಬೇದಾರ ಮಲಿಕ್ ರಿಹಾನ್ ಅಲ್ಲೇ ಮಣ್ಣಾದ. ಅವನ ಗೋರಿ ಊರಿನದೇ ಆಗಿದೆ. 1687ರ ನಂತರ ಮೊಗಲರು, ಆಮೇಲೆ ಮರಾಠರು, ಹೈದರಾಲಿ. ಆಟಗಾರನ ಕೈಗೆ ಇವರಲ್ಲಿ ಯಾರ ಕತ್ತಿ ಕೊಡುತ್ತೀರಿ?