ಪೆರಿಯದ ತೋಟಗಾರ್ತಿಯರು

ಜರೀಗಿಡದ ಎಲೆಯ ಬೆನ್ನು ಸವರಿದರೆ ಬೆರಳಿಗೆ ಕಂದು ಹುಡಿ ಹತ್ತುತ್ತದೆ. ಅದನ್ನು ತೇವದ ಮಣ್ಣಿಗೆ ಉದುರಿಸಿ ಮುಚ್ಚಿಟ್ಟರೆ ಮೊದಲು ಕಾಣುವುದು ಹಾವಸೆಯಂಥ ಹಸಿರು ಪೊರೆ ಮಾತ್ರ. ಸುರುಳಿ ಬಿಚ್ಚುವ ಎಲೆಗೆ ತಿಂಗಳುಗಟ್ಟಲೆ ಕಾಯಬೇಕು. ವಯನಾಡಿನ ಪೆರಿಯದ ಬಳಿಯ ಗುರುಕುಲ ಸಸ್ಯಧಾಮದಲ್ಲಿ ಗಿಡ ಸಾಕುವ ಊರ ಹೆಂಗಸರಿಗೆ ಇಂಥ ಕಾಯುವಿಕೆ ನಿತ್ಯದ ಕೆಲಸ.

ಜರ್ಮನಿಯಿಂದ ಬಂದು ಇಲ್ಲಿಯವರೇ ಆಗಿಹೋದ ವುಲ್ಫ್‌ಗಾಂಗ್ ಥಾಯರ್ಕಾಫ್ 1981ರಲ್ಲಿ ಕಟ್ಟಿದ ಜಾಗವಿದು. 2014ರಲ್ಲಿ ಅವರು ತೀರಿಕೊಂಡರೂ ಕೆಲಸ ನಿಲ್ಲಲಿಲ್ಲ. ಕಾಫಿ, ಚಹಾ ತೋಟಗಳಿಗೆ ಕಾಡು ಕಳೆದುಕೊಂಡ ಪಶ್ಚಿಮಘಟ್ಟದ ಸಾವಿರಾರು ಜಾತಿಯ ಸಸ್ಯಗಳಿಗೆ ಇಲ್ಲಿ ಆಸರೆ ಸಿಕ್ಕಿದೆ.

ನನಗೆ ಬೆರಗು ಹುಟ್ಟಿಸುವುದು ಆ ಹೆಂಗಸರ ಕೈಗಳ ತಿಳಿವಳಿಕೆ. ಕಾಡು ಕರ್ಣಕುಂಡಲದ ಕಾಯಿ ಬಲಿತಾಗ ಮುಟ್ಟಿದರೆ ಸಾಕು, ಸಿಡಿದು ಬೀಜ ಚೆಲ್ಲಿಬಿಡುತ್ತದೆ. ಅದಕ್ಕೆ ಮುಂಚಿನ ಗಳಿಗೆಯನ್ನೇ ಹಿಡಿಯಬೇಕು. ಸೀತಾಳೆಯ ಬೇರಿಗೆ ಮಣ್ಣು ಮುಚ್ಚಿದರೆ ಕೊಳೆಯುತ್ತದೆ. ಅದಕ್ಕೆ ಒರಟು ತೊಗಟೆ, ಗಾಳಿ, ಮಂಜು ಬೇಕು. ಇಷ್ಟೆಲ್ಲ ಬಲ್ಲವರಿಗೆ ನಮ್ಮ ಸಸ್ಯಶಾಸ್ತ್ರದ ಯಾವ ಪದವಿಯೂ ಕಡಿಮೆಯೇ. ಮುಂಗಾರು ಹಿಡಿದರೆ ಜಿಗಣೆಗಳ ಕಾಟ ಬೇರೆ. ಆದರೂ ಬುಟ್ಟಿ ಹಿಡಿದು ಸಾಲಾಗಿ ಹೊರಡುತ್ತಾರೆ, ಮಾತಾಡುತ್ತಲೇ.