ಹೆಸರಿನ ಋಣ: ಸೆಸಿಲ್ ಸಲ್ಡಾನ್ಹಾ ಅವರ ಸಸ್ಯವರ್ಗೀಕರಣ ಮತ್ತು ಕನ್ನಡನಾಡಿನ ಕಾಡುಹೂಗಳು

ಬಾಬಾಬುಡನ್‌ಗಿರಿಯ ಸಾಲು ಮೂಡಣಕ್ಕೆ ಇಳಿದು ಬಯಲುಸೀಮೆಯೊಡನೆ ಬೆರೆಯುವ ಕಡೂರು ತಾಲ್ಲೂಕಿನಲ್ಲಿ ಎಮ್ಮೆದೊಡ್ಡಿ ಇದೆ. ಎಮ್ಮೆಗಳನ್ನು ಕೂಡುತ್ತಿದ್ದ ದೊಡ್ಡಿ ಎಂಬ ಅರ್ಥವನ್ನು ಹೆಸರೇ ಹೇಳುತ್ತದೆ. ಕಡೂರು, ತರೀಕೆರೆ, ಅಜ್ಜಂಪುರಗಳ ಈ ಸೀಮೆಯ ಚರಿತ್ರೆಯಲ್ಲಿ ದನಕರುಗಳಿಗೆ ದೊಡ್ಡ ಪಾಲಿದೆ. ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆ ಚಾವಡಿ ಟಿಪ್ಪುವಿನ ಕಾಲದಲ್ಲಿ ಅಮೃತಮಹಲ್ ಆಯಿತು. ಅದರ ಕಾವಲುಗಳನ್ನು ಬೇಸಗೆಯ ಕಾವಲು, ಮಳೆಗಾಲದ ಕಾವಲು, ಚಳಿಗಾಲದ ಕಾವಲು ಎಂದು ವಿಂಗಡಿಸಲಾಗಿತ್ತು. ಯಾವ ಋತುವಿನಲ್ಲಿ ಎಲ್ಲಿ ಮೇವು ಸಿಗುತ್ತದೆ ಎಂಬುದೇ ಈ ವಿಂಗಡಣೆಯ ಸೂತ್ರ. ಕಂದಾಯ ದಾಖಲೆಗೆ ಬೇರೊಂದು ಸೂತ್ರವಿದೆ. ಉಳುಮೆಗೆ ಒದಗದ ನೆಲವನ್ನು ಅದು ಖರಾಬು ಎಂದು ಬರೆಯುತ್ತದೆ. ಇದೇ ನೆಲವನ್ನು ಮೂರನೆಯ ಸೂತ್ರದಿಂದ ನೋಡುವವನು ಸಸ್ಯವರ್ಗೀಕರಣ ವಿಜ್ಞಾನಿ. ಅವನಿಗೆ ಅಲ್ಲಿ ಮೇವೂ ಕಾಣುವುದಿಲ್ಲ, ಖರಾಬೂ ಕಾಣುವುದಿಲ್ಲ. ಒಂದೊಂದಕ್ಕೂ ಬೇರೆ ಬೇರೆ ಹೆಸರಿರಬೇಕಾದ ಗಿಡಗಳು ಕಾಣುತ್ತವೆ.

ಈ ಮೂರನೆಯ ನೋಟವನ್ನು ಕರ್ನಾಟಕದ ಮಟ್ಟಿಗೆ ವ್ಯವಸ್ಥಿತವಾಗಿ ಕಟ್ಟಿದವರಲ್ಲಿ ಸೆಸಿಲ್ ಜಾನ್ ಸಲ್ಡಾನ್ಹಾ (೧೯೨೬–೨೦೦೨) ಪ್ರಮುಖರು. ಅವರ ಕೃತಿಗಳು ಇಂಗ್ಲಿಷಿನಲ್ಲಿವೆ; ಅವುಗಳ ಓದುಗರು ವಿಜ್ಞಾನಿಗಳು. ಆದ್ದರಿಂದ ಕನ್ನಡ ವಿಮರ್ಶೆ ಅವನ್ನು ತನ್ನ ವಿಷಯವೆಂದು ಹೆಚ್ಚಾಗಿ ಎಣಿಸಿಲ್ಲ. ಆದರೆ ಹೆಸರಿಡುವುದು ಭಾಷೆಯ ಕೆಲಸ. ಒಂದು ನಾಡಿನ ಗಿಡಗಳಿಗೆ ಯಾರು, ಯಾವ ಭಾಷೆಯಲ್ಲಿ, ಯಾರ ನೆನಪಿಗೆ ಹೆಸರಿಟ್ಟರು ಎಂಬ ಪ್ರಶ್ನೆ ಆ ನಾಡಿನ ಭಾಷೆಗೆ ಸಂಬಂಧಿಸಿದ್ದೇ ಆಗುತ್ತದೆ. ಸಲ್ಡಾನ್ಹಾ ಅವರ ಸಾಧನೆಯನ್ನೂ ಅದರ ಮಿತಿಯನ್ನೂ ಈ ದೃಷ್ಟಿಯಿಂದ ಪರಿಶೀಲಿಸುವುದು ಅಗತ್ಯವಾಗಿದೆ.

೧

ಸಲ್ಡಾನ್ಹಾ ಜೆಸುಯಿಟ್ ಪಾದ್ರಿ. ಬೆಂಗಳೂರಿನ ಸೇಂಟ್ ಜೋಸೆಫ್ ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಅಧ್ಯಾಪಕರು. ಅಮೆರಿಕದ ಸ್ಮಿತ್ಸೋನಿಯನ್ ಸಂಸ್ಥೆಯ ಸಸ್ಯವಿಜ್ಞಾನಿ ಡ್ಯಾನ್ ನಿಕೋಲ್ಸನ್ ಅವರ ಜೊತೆಗೂಡಿ ಸಂಪಾದಿಸಿದ ‘ಫ್ಲೋರಾ ಆಫ್ ಹಾಸನ್ ಡಿಸ್ಟ್ರಿಕ್ಟ್’ ೧೯೭೬ರಲ್ಲಿ ಪ್ರಕಟವಾಯಿತು. ಒಂದೇ ಜಿಲ್ಲೆಯ ಹೂಬಿಡುವ ಸಸ್ಯಗಳನ್ನು ಕುಟುಂಬ, ಜಾತಿ, ಪ್ರಭೇದಗಳ ಕ್ರಮದಲ್ಲಿ ವಿವರಿಸುವ ಕೃತಿ ಇದು. ಜಿಲ್ಲೆಯ ಆಯ್ಕೆಯಲ್ಲೇ ಒಂದು ವಿವೇಕವಿತ್ತು. ಹಾಸನದ ಪಡುವಣ ಅಂಚು ಸಕಲೇಶಪುರದ ಮಳೆಕಾಡು. ಮೂಡಣ ಅಂಚು ಅರಸೀಕೆರೆಯ ಒಣಬಯಲು. ಘಟ್ಟದಿಂದ ಬಯಲಿಗೆ ಮಳೆ ಕಡಿಮೆಯಾಗುತ್ತ ಬಂದಂತೆ ಗಿಡಗಳು ಹೇಗೆ ಬದಲಾಗುತ್ತವೆ ಎಂಬುದನ್ನು ಒಂದೇ ಜಿಲ್ಲೆಯೊಳಗೆ ಅಳೆಯಬಹುದಿತ್ತು. ಅರಸೀಕೆರೆಯ ಎಲ್ಲೆ ದಾಟಿದರೆ ಕಡೂರು ತಾಲ್ಲೂಕು. ಜಿಲ್ಲೆಯ ಎಲ್ಲೆಯನ್ನು ಗಿಡಗಳು ಅರಿಯವು. ಹೀಗಾಗಿ ಕಡೂರು ಸೀಮೆಯ ಸಸ್ಯಗಳನ್ನು ಗುರುತಿಸಹೊರಟವರಿಗೂ ಹಾಸನದ ಈ ಗ್ರಂಥ ಮೊದಲ ಆಸರೆಯಾಯಿತು. ೧೯೮೧ರಲ್ಲಿ ಎಸ್. ಎನ್. ಯೋಗನರಸಿಂಹನ್, ಕೆ. ಸುಬ್ರಹ್ಮಣ್ಯಂ ಮತ್ತು ಬಿ. ಎ. ರಜಿ ಅವರು ಚಿಕ್ಕಮಗಳೂರು ಜಿಲ್ಲೆಯ ಸಸ್ಯಗಳನ್ನು ಕುರಿತ ಪ್ರತ್ಯೇಕ ಗ್ರಂಥವನ್ನು ಹೊರತಂದರು. ಎಮ್ಮೆದೊಡ್ಡಿಯ ಸೀಮೆ ಬರುವುದು ಆ ಗ್ರಂಥದ ವ್ಯಾಪ್ತಿಯಲ್ಲಿ.

ಹಾಸನದ ಬಳಿಕ ಸಲ್ಡಾನ್ಹಾ ಇಡೀ ರಾಜ್ಯದ ಕೆಲಸಕ್ಕೆ ಕೈಹಾಕಿದರು. ‘ಫ್ಲೋರಾ ಆಫ್ ಕರ್ನಾಟಕ’ದ ಮೊದಲ ಸಂಪುಟ ೧೯೮೪ರಲ್ಲಿ, ಎರಡನೆಯದು ೧೯೯೬ರಲ್ಲಿ ಹೊರಬಂದವು. ನಡುವಣ ಹನ್ನೆರಡು ವರ್ಷ ಅವರು ಸುಮ್ಮನಿರಲಿಲ್ಲ. ೧೯೮೩–೮೪ರಿಂದ ಮೊದಲಾಗಿ ಕರ್ನಾಟಕದ ಪರಿಸರ ಸ್ಥಿತಿಗತಿಯ ವರದಿಗಳನ್ನು ಸಂಪಾದಿಸಿದರು; ಅಂಡಮಾನ್, ನಿಕೋಬಾರ್ ಮತ್ತು ಲಕ್ಷದ್ವೀಪಗಳ ಪರಿಸರ ಪರಿಣಾಮವನ್ನು ಕುರಿತ ಅವರ ಪುಸ್ತಕ ೧೯೮೯ರಲ್ಲಿ ಬಂತು. ಗಿಡಕ್ಕೆ ಹೆಸರು ಹುಡುಕುತ್ತಿದ್ದ ವಿದ್ವಾಂಸ ಗಿಡ ನಿಂತ ನೆಲದ ಗತಿಯನ್ನು ಬರೆಯುವವನಾದದ್ದು ಅವರ ಬದುಕಿನ ಮುಖ್ಯ ತಿರುವು. ಇದನ್ನು ಮೂಲ ಕೆಲಸದಿಂದ ದೂರ ಸರಿದದ್ದೆಂದು ಭಾವಿಸಬೇಕಿಲ್ಲ. ಹೆಸರು ಗೊತ್ತಿರುವ ಗಿಡ ಮರೆಯಾದಾಗ ಮಾತ್ರ ಅದು ಮರೆಯಾಯಿತೆಂದು ತಿಳಿಯುತ್ತದೆ. ವರ್ಗೀಕರಣದ ತರ್ಕವೇ ಅವರನ್ನು ಪರಿಸರದ ಲೆಕ್ಕಕ್ಕೆ ಕರೆತಂದಿತು.

೨

ಸಲ್ಡಾನ್ಹಾ ಅವರ ನಾಮಕರಣದ ಬಗೆಯನ್ನು ಅರಿಯಲು ಒಂದು ಉದಾಹರಣೆ ಸಾಕು. ಪಶ್ಚಿಮಘಟ್ಟದ ಮರಗಳ ಕೊಂಬೆಗಳ ಮೇಲೆ ಬೆಳೆಯುವ ಪುಟ್ಟ ಆರ್ಕಿಡ್‌ಗಳ ಒಂದು ಗುಂಪನ್ನು ಪರಿಶೀಲಿಸಿ, ಅವು ಬೇರೆ ಯಾವ ಜಾತಿಗೂ ಸಲ್ಲವೆಂದು ಕಂಡುಕೊಂಡು, ೧೯೭೪ರಲ್ಲಿ ಅವರು ‘ಸ್ಮಿತ್ಸೋನಿಯ’ ಎಂಬ ಹೊಸ ಜಾತಿಯನ್ನು ಸ್ಥಾಪಿಸಿದರು. ಹೆಸರು ಸ್ಮಿತ್ಸೋನಿಯನ್ ಸಂಸ್ಥೆಯದು. ಅದರಡಿ ಮೂರು ಪ್ರಭೇದಗಳು ಸೇರಿದವು: ಸ್ಟ್ರಾಮಿನಿಯ, ಎಂದರೆ ಒಣಹುಲ್ಲಿನ ಬಣ್ಣದ್ದು, ವಿರಿಡಿಫ್ಲೋರ, ಎಂದರೆ ಹಸುರು ಹೂವಿನದು, ಮ್ಯಾಕ್ಯುಲೇಟ, ಎಂದರೆ ಚುಕ್ಕೆಯುಳ್ಳದ್ದು. ಮೊದಲನೆಯದು ಸಲ್ಡಾನ್ಹಾ ಅವರೇ ಹೊಸದಾಗಿ ವರ್ಣಿಸಿದ್ದು. ಉಳಿದೆರಡನ್ನು ಹತ್ತೊಂಬತ್ತನೆಯ ಶತಮಾನದಲ್ಲಿ ಮುಂಬಯಿ ಪ್ರಾಂತದ ಅರಣ್ಯಾಧಿಕಾರಿ ನಿಕೋಲ್ ಡಾಲ್ಜೆಲ್ ಬೇರೊಂದು ಜಾತಿಯಲ್ಲಿಟ್ಟು ವರ್ಣಿಸಿದ್ದ. ಆದ್ದರಿಂದ ಆ ಎರಡರ ಪೂರ್ಣ ಹೆಸರನ್ನು ಬರೆಯುವಾಗ ಡಾಲ್ಜೆಲ್ಲನ ಹೆಸರು ಆವರಣದೊಳಗೂ ಸಲ್ಡಾನ್ಹಾ ಅವರ ಹೆಸರು ಅದರ ಮುಂದೆಯೂ ಬರುತ್ತವೆ. ಮೊದಲು ಕಂಡವನನ್ನು ನೆನೆಯದೆ ಮುಂದಿನವನು ತಿದ್ದುವಂತಿಲ್ಲ. ಶಾಸ್ತ್ರೀಯ ನಾಮಕರಣ ತನ್ನ ಋಣವನ್ನು ಹೀಗೆ ಹೆಸರಿನ ಬೆನ್ನಿಗೇ ಕಟ್ಟಿಕೊಂಡು ನಡೆಯುತ್ತದೆ.

ಇಂಥ ಹೆಸರಿನ ಹಿಂದಿರುವ ಶಿಸ್ತು ಕಠಿಣವಾದದ್ದು. ಹೊಸ ಪ್ರಭೇದವನ್ನು ಸಾರುವವರು ಒಂದು ಒಣಗಿಸಿದ ಮಾದರಿಯನ್ನು ಆಧಾರವಾಗಿ ತೋರಿಸಬೇಕು. ೨೦೧೧ರ ಕೊನೆಯವರೆಗೂ ಲ್ಯಾಟಿನ್ ಭಾಷೆಯ ವರ್ಣನೆ ಕಡ್ಡಾಯವಾಗಿತ್ತು. ನಾಳೆ ಯಾರಿಗಾದರೂ ಸಂದೇಹ ಬಂದರೆ ಆ ಮಾದರಿಯ ಹಾಳೆಯನ್ನು ತೆಗೆದು ನೋಡಬಹುದು. ಸಲ್ಡಾನ್ಹಾ ಸೇಂಟ್ ಜೋಸೆಫ್ ಕಾಲೇಜಿನಲ್ಲಿ ಬೆಳೆಸಿದ ಒಣಸಸ್ಯ ಸಂಗ್ರಹಾಲಯ ಈಗ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪರಿಸರ ವಿಜ್ಞಾನ ಕೇಂದ್ರದಲ್ಲಿದ್ದು, ಜೆಸಿಬಿ ಎಂಬ ಸಂಕೇತದಿಂದ ವಿದ್ವತ್ಲೋಕಕ್ಕೆ ಪರಿಚಿತವಾಗಿದೆ. ಪುಸ್ತಕಗಳಿಗಿಂತ ಈ ಹಾಳೆಗಳೇ ಅವರ ಹೆಚ್ಚು ಗಟ್ಟಿಯಾದ ಕೊಡುಗೆಯೆಂದರೆ ತಪ್ಪಾಗದು. ಪುಸ್ತಕದ ತೀರ್ಮಾನವನ್ನು ಮುಂದಿನವರು ತಿದ್ದಬಹುದು. ತಿದ್ದುವುದಕ್ಕೂ ಈ ಹಾಳೆಗಳೇ ಬೇಕು.

ಆದರೂ ಒಂದು ಪ್ರಶ್ನೆ ಉಳಿಯುತ್ತದೆ. ಘಟ್ಟದ ಹೂವೊಂದು ಕಡಲಾಚೆಯ ಸಂಸ್ಥೆಯ ಹೆಸರನ್ನು ಹೊತ್ತಿದೆ. ಇದನ್ನು ಕೃತಜ್ಞತೆಯೆನ್ನಬಹುದು, ಸಂಸ್ಥೆಯ ನೆರವು ನಿಜವಾದದ್ದು. ಆದರೆ ಮಲೆನಾಡಿನಲ್ಲಿ ಮರದ ಮೇಲಿನ ಇಂಥ ಹೂಗಳಿಗೆ ಸೀತಾಳೆ ಎಂಬ ಹಳೆಯ ಹೆಸರಿದೆ. ಶಾಸ್ತ್ರದ ಹೆಸರಿನಲ್ಲಿ ಆ ನೆನಪಿಗೆ ಎಡೆಯಿಲ್ಲ. ನಾಡಹೆಸರು ಲ್ಯಾಟಿನ್ನಿಗೆ ಹೋಗಲಾರದೆಂದೇನೂ ಇಲ್ಲ. ಹದಿನೇಳನೆಯ ಶತಮಾನದ ‘ಹೊರ್ತುಸ್ ಮಲಬಾರಿಕುಸ್’ ಮಲಬಾರಿನ ನಾಡಹೆಸರುಗಳನ್ನು ದಾಖಲಿಸಿತು. ಅದರಿಂದ ಲಿನೇಯಸ್ ಎತ್ತಿಕೊಂಡ ‘ಬಸೆಲ್ಲ’ ಎಂಬ ಜಾತಿನಾಮದಲ್ಲಿ ಕನ್ನಡಿಗರ ಬಸಳೆ ಇಂದಿಗೂ ಕೇಳಿಸುತ್ತದೆ. ಮಲಬಾರಿನ ಆ ಗ್ರಂಥವನ್ನು ಮುಂದೆ ೧೯೮೮ರಲ್ಲಿ ಆಧುನಿಕ ಹೆಸರುಗಳೊಡನೆ ಹೊಂದಿಸಿ ವ್ಯಾಖ್ಯಾನಿಸಿದವರಲ್ಲಿ ಸಲ್ಡಾನ್ಹಾ ಅವರ ಸಹಸಂಪಾದಕ ನಿಕೋಲ್ಸನ್ ಒಬ್ಬರು ಎಂಬುದು ಇಲ್ಲಿ ಗಮನಾರ್ಹ.

೩

ಇಷ್ಟಾದರೂ ನಾಡಹೆಸರನ್ನು ಹೊಗಳಿ ಶಾಸ್ತ್ರದ ಹೆಸರನ್ನು ತೆಗಳುವುದು ಸುಲಭದ ದಾರಿ, ಸರಿಯಾದ ದಾರಿಯಲ್ಲ. ನಾಡಹೆಸರಿನ ಬಲ ಅದರ ಸ್ಥಿರತೆ. ಕಡೂರಿನ ಹೊಲದ ಬದುವಿನ ಜಾಲಿಯನ್ನು ೧೯೮೪ರ ಸಂಪುಟದ ಕಾಲದಲ್ಲಿ ಶಾಸ್ತ್ರ ‘ಅಕೇಶಿಯ’ ಎನ್ನುತ್ತಿತ್ತು. ೨೦೦೫ರ ವಿಯೆನ್ನಾ ಸಸ್ಯವಿಜ್ಞಾನ ಸಮ್ಮೇಳನದ ತೀರ್ಮಾನದಿಂದ ಆ ಹೆಸರು ಆಸ್ಟ್ರೇಲಿಯದ ಮರಗಳ ಪಾಲಾಗಿ, ಜಾಲಿ ‘ವ್ಯಾಚೆಲಿಯ’ ಆಯಿತು. ‘ಕ್ಯಾಸಿಯ’ ಎನಿಸಿದ್ದ ತಂಗಡಿ ಈಗ ‘ಸೆನ್ನ’. ಜಾಲಿಯೂ ತಂಗಡಿಯೂ ಜನರ ಬಾಯಲ್ಲಿ ಕದಲಲಿಲ್ಲ.

ಅದರ ದೌರ್ಬಲ್ಯ ಅಸ್ಪಷ್ಟತೆ. ಬ್ರಾಹ್ಮಿ ಎಂದರೆ ಕೆಲವರಿಗೆ ಒಂದೆಲಗ, ಕೆಲವರಿಗೆ ನೀರುಬ್ರಾಹ್ಮಿ. ಇವೆರಡೂ ಬೇರೆ ಬೇರೆ ಕುಟುಂಬದ ಸಸ್ಯಗಳು. ಶಂಖಪುಷ್ಪಿ ಎಂಬ ಹೆಸರಿನಡಿ ಒಂದೆಡೆ ವಿಷ್ಣುಕ್ರಾಂತಿ, ಇನ್ನೊಂದೆಡೆ ಬಳ್ಳಿಯಲ್ಲಿ ಬಿಡುವ ಶಂಖಪುಷ್ಪ ಬಳಕೆಯಲ್ಲಿವೆ. ಔಷಧಿ ಕುಟ್ಟುವವನಿಗೆ ಇದು ಪದಚರ್ಚೆಯಲ್ಲ. ಕುಡಿಯುವವನ ದೇಹದ ಪ್ರಶ್ನೆ. ಚಿಕ್ಕಮಗಳೂರು ಜಿಲ್ಲೆಯ ಸಸ್ಯಗ್ರಂಥದ ಕರ್ತೃಗಳಲ್ಲಿ ಒಬ್ಬರಾದ ಯೋಗನರಸಿಂಹನ್ ಮುಂದೆ ಕರ್ನಾಟಕದ ಔಷಧಿ ಸಸ್ಯಗಳ ಮೇಲೆಯೇ ಗ್ರಂಥ ರಚಿಸಿದ್ದು ಈ ಕಾರಣದಿಂದ ಅರ್ಥಪೂರ್ಣ. ಸೀತಾಳೆಯೂ ಅಷ್ಟೇ. ಹತ್ತಾರು ಬಗೆಯ ಆರ್ಕಿಡ್‌ಗಳನ್ನು ಒಂದೇ ಹೆಸರು ಹೊದ್ದುಕೊಂಡಾಗ ಅವುಗಳಲ್ಲೊಂದು ಕಾಣೆಯಾದರೆ ಯಾರಿಗೂ ತಿಳಿಯದು. ಸ್ಮಿತ್ಸೋನಿಯ ಎಂಬ ಪರಕೀಯ ಹೆಸರು ಮಾಡಿದ ಉಪಕಾರ ಇದೇ: ಆ ಪುಟ್ಟ ಹೂವನ್ನು ಅದು ಎಣಿಕೆಗೆ ತಂದಿತು.

ಈ ಎರಡು ಹೆಸರುಗಳ ನಡುವೆ ಓಡಾಡಬಲ್ಲವರು ಕನ್ನಡದಲ್ಲಿ ಇರಲಿಲ್ಲವೆಂದಲ್ಲ. ಹಾಸನದ ಗ್ರಂಥ ಬಂದ ೧೯೭೬ರಲ್ಲೇ ಬಿ. ಜಿ. ಎಲ್. ಸ್ವಾಮಿಯವರ ‘ಹಸುರು ಹೊನ್ನು’ ಪ್ರಕಟವಾಯಿತು; ೧೯೭೮ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಅದಕ್ಕೆ ಸಂದಿತು. ಸ್ವಾಮಿಯವರು ಮುಖ್ಯವಾಗಿ ಸಸ್ಯಗಳ ಒಳರಚನೆಯನ್ನೂ ಭ್ರೂಣವನ್ನೂ ಅಧ್ಯಯನ ಮಾಡಿದವರು; ಹೊಸ ಪ್ರಭೇದಗಳಿಗೆ ಅವರಿಟ್ಟ ಹೆಸರು ಕೆಲವೇ. ಅವುಗಳಲ್ಲಿ ಎರಡು ಅವರ ಗುರುಗಳಾದ ಪಿ. ಮಾಹೇಶ್ವರಿ ಮತ್ತು ಇರ್ವಿಂಗ್ ಬೈಲಿ ಅವರ ನೆನಪಿನವು. ಆದರೆ ವಿದ್ಯಾರ್ಥಿಗಳೊಡನೆ ಕಾಡು ಸುತ್ತಿದ ಅನುಭವವನ್ನು ಅವರು ನಗೆಯೊಡನೆ ಹೇಳಿದ್ದರಿಂದ ಲ್ಯಾಟಿನ್ ಹೆಸರುಗಳೂ ಕನ್ನಡ ವಾಕ್ಯದೊಳಗೆ ಸಲೀಸಾಗಿ ಕುಳಿತವು. ಸಲ್ಡಾನ್ಹಾ ಗಿಡವನ್ನು ಎಣಿಕೆಗೆ ತಂದರು. ಸ್ವಾಮಿ ಗಿಡವನ್ನು ಮಾತಿಗೆ ತಂದರು. ಒಂದೇ ವರ್ಷದ ಈ ಎರಡು ಪುಸ್ತಕಗಳನ್ನು ಜೊತೆಯಲ್ಲಿಟ್ಟು ಓದುವ ಪರಿಪಾಠ ಕನ್ನಡದಲ್ಲಿ ಬೆಳೆಯದಿದ್ದುದು ಎರಡಕ್ಕೂ ಆದ ನಷ್ಟ.

೪

ಸಲ್ಡಾನ್ಹಾ ಅವರ ಕೃತಿಯ ಗಂಭೀರ ಕೊರತೆ ಅದರ ಅಪೂರ್ಣತೆ. ಮೊದಲ ಸಂಪುಟ ಸಂಪಿಗೆಯ ಕುಟುಂಬದಿಂದ ಹುರುಳಿ, ಹೊಂಗೆಗಳ ಕುಟುಂಬದವರೆಗೆ ಬರುತ್ತದೆ. ಎರಡನೆಯದು ಕೊತ್ತಂಬರಿ, ಜೀರಿಗೆಗಳ ಕುಟುಂಬಕ್ಕೆ ನಿಲ್ಲುತ್ತದೆ. ಅವರು ಅನುಸರಿಸಿದ ಕ್ರಮದಲ್ಲಿ ಅದರಾಚೆಗಿರುವುದು ಯಾವುದು ಎಂದು ನೋಡಿದರೆ ನಷ್ಟದ ಅಳತೆ ತಿಳಿಯುತ್ತದೆ. ತುಂಬೆ, ಲಕ್ಕಿ, ವಿಷ್ಣುಕ್ರಾಂತಿ, ಸೇವಂತಿಗೆಯ ಬಳಗದ ಕಾಡುಹೂಗಳು, ಗರಿಕೆ ಮೊದಲಾದ ಎಲ್ಲ ಹುಲ್ಲುಗಳು ಉಳಿದ ಭಾಗಕ್ಕೆ ಸೇರಿದವು. ೨೦೨೨ರಲ್ಲಿ ಚಂದ್ರದ್ರೋಣ ಪರ್ವತದಲ್ಲಿ ಅರಳಿ ಜನಸಾಗರವನ್ನೇ ಸೆಳೆದ ಕುರಿಂಜಿಯೂ ಅಲ್ಲಿಯದೇ. ಸಲ್ಡಾನ್ಹಾ ಅವರೇ ಹೆಸರಿಟ್ಟ ಸ್ಮಿತ್ಸೋನಿಯ ಕೂಡ ರಾಜ್ಯದ ಈ ಎರಡು ಸಂಪುಟಗಳಲ್ಲಿಲ್ಲ. ಮರಗಳು ಬಹುಮಟ್ಟಿಗೆ ಬಂದವು, ಕಾವಲು ಬರಲಿಲ್ಲ.

ಕಾಡು ಎಂದರೆ ಮರ ಎಂಬ ಎಣಿಕೆ ಬಲವಾಗಿರುವ ಕಾಲದಲ್ಲಿ ಈ ಅಪೂರ್ಣತೆಗೆ ಪುಸ್ತಕದಾಚೆಗಿನ ಪರಿಣಾಮವೂ ಇದೆ. ಸಲ್ಡಾನ್ಹಾ ಪರಿಸರ ವರದಿಗಳನ್ನು ಸಿದ್ಧಪಡಿಸುತ್ತಿದ್ದ ಎಂಬತ್ತರ ದಶಕದಲ್ಲೇ ಸಾಮಾಜಿಕ ಅರಣ್ಯದ ಹೆಸರಿನಲ್ಲಿ ರಾಜ್ಯದ ಬಯಲುಗಳಿಗೆ ನೀಲಗಿರಿ ಹಬ್ಬಿತು. ಹುಲ್ಲುಗಾವಲನ್ನು ಮರವಿಲ್ಲದ ಬರಿನೆಲವೆಂದು ಬಗೆದವರಿಗೆ ಅಲ್ಲಿ ಗಿಡ ನೆಡುವುದು ಪುಣ್ಯಕಾರ್ಯವಾಗಿಯೇ ಕಂಡಿತು. ಕಡೂರು ತಾಲ್ಲೂಕಿನ ಬಾಸೂರು ಅಮೃತಮಹಲ್ ಕಾವಲು ೨೦೧೧ರಲ್ಲಿ ಸಂರಕ್ಷಣಾ ಮೀಸಲು ಪ್ರದೇಶವಾಯಿತು. ಅದು ಒದಗಿದ್ದು ಕೃಷ್ಣಮೃಗದ ಹೆಸರಿನಲ್ಲಿ. ಕೃಷ್ಣಮೃಗ ಮೇಯುವ ಹುಲ್ಲಿನ ಹೆಸರಿನಲ್ಲಿ, ಹುಲ್ಲಿನ ನಡುವೆ ಮಳೆಗಾಲದ ಕೆಲವೇ ವಾರ ಅರಳುವ ನೆಲಹೂವಿನ ಹೆಸರಿನಲ್ಲಿ ಯಾರೂ ರಕ್ಷಣೆ ಕೇಳುವುದಿಲ್ಲ. ಕೇಳಬೇಕಾದರೆ ಆ ಹೆಸರು ತಿಳಿದಿರಬೇಕು. ಕಚೇರಿಯವರಿಗೂ ಊರಿನವರಿಗೂ ಅರ್ಥವಾಗುವ ಭಾಷೆಯಲ್ಲಿ ತಿಳಿದಿರಬೇಕು. ಜಿಲ್ಲಾ ಗ್ರಂಥದಲ್ಲಿ ಇಂಗ್ಲಿಷಿನ ವರ್ಣನೆಯಾಗಿ ಉಳಿದ ಗಿಡ ಎಮ್ಮೆದೊಡ್ಡಿಯ ದನಗಾಹಿಯ ಪಾಲಿಗೆ ದಾಖಲಾಗಿಲ್ಲ. ದನಗಾಹಿಗೆ ಗೊತ್ತಿರುವ ಗಿಡ ಸರ್ಕಾರದ ಪಾಲಿಗೆ ದಾಖಲಾಗಿಲ್ಲ. ಈ ಎರಡರ ನಡುವೆ ಖರಾಬು ಎಂಬ ಪದವೊಂದೇ ಎಲ್ಲರಿಗೂ ಅರ್ಥವಾಗುವಂತಿದೆ.

ಈ ದೋಷವನ್ನು ಒಬ್ಬ ವ್ಯಕ್ತಿಯ ಮೇಲೆ ಹೊರಿಸುವುದು ನ್ಯಾಯವಲ್ಲ. ಒಂದು ರಾಜ್ಯದ ಸಸ್ಯಗಳನ್ನು ಒಂದು ಕಾಲೇಜಿನ ಆವರಣದಲ್ಲಿ ಕುಳಿತು ಅರ್ಧಕ್ಕಾದರೂ ತಂದು ನಿಲ್ಲಿಸಿದ್ದು ಸಾಮಾನ್ಯ ಸಾಧನೆಯಲ್ಲ. ಉಳಿದರ್ಧಕ್ಕೆ ಬೇಕಾದ ಸಾಮಗ್ರಿ ಜೆಸಿಬಿ ಸಂಗ್ರಹದ ಹಾಳೆಗಳಲ್ಲಿ, ಹಾಸನ ಮತ್ತು ಚಿಕ್ಕಮಗಳೂರಿನ ಜಿಲ್ಲಾ ಗ್ರಂಥಗಳಲ್ಲಿ ಸಾಕಷ್ಟಿದೆ. ಅದನ್ನು ಕನ್ನಡಕ್ಕೆ ತರುವ ಕೆಲಸ ಕೇವಲ ಭಾಷಾಂತರವಾಗಲಾರದು. ಲ್ಯಾಟಿನ್ ಹೆಸರಿನ ಪಕ್ಕದಲ್ಲಿ ಊರಿನ ಹೆಸರು, ಆ ಹೆಸರನ್ನು ಹೇಳಿದ ಊರು, ಆ ಗಿಡದ ಬಳಕೆ, ಅದು ಅರಳುವ ಮಳೆ ನಕ್ಷತ್ರ ಇಷ್ಟೂ ದಾಖಲಾಗಬೇಕು. ಡಾಲ್ಜೆಲ್ಲನ ಹೆಸರನ್ನು ಆವರಣದಲ್ಲಿಟ್ಟು ಸಲ್ಡಾನ್ಹಾ ತಮ್ಮ ಋಣವನ್ನು ಒಪ್ಪಿಕೊಂಡರು. ಸೀತಾಳೆ ಎಂದವರ ಋಣ ಇನ್ನೂ ಬಾಕಿಯಿದೆ. ಅದನ್ನು ತೀರಿಸುವ ಹೊಣೆ ಲ್ಯಾಟಿನ್ನಿನದಲ್ಲ, ಕನ್ನಡದ್ದು.