ಸಣ್ಣ ಕೋಣೆಯಲ್ಲಿ ಅಶ್ವತ್ಥ್

"ಹಾಲ್‌ನಲ್ಲಿ ಅಷ್ಟು ದೊಡ್ಡ ಸಿಸ್ಟಂ ಇರುವಾಗ ನಿನಗೆ ಇನ್ನೊಂದು ಯಾಕೆ?" ಎಂದು ನಮ್ಮ ಮನೆಯವರು ಕೇಳಿದರು. ನ್ಯಾಯವಾದ ಪ್ರಶ್ನೆಯೇ. ಆದರೆ ಅದು ಮಗನದು, ಟಿ.ವಿ.ಗೆ ಜೋಡಿಸಿದ್ದು. ಸಿನಿಮಾದಲ್ಲಿ ಬಾಂಬು ಬಿದ್ದರೆ ನಮ್ಮ ಅಡುಗೆಮನೆಯ ಸ್ಟೀಲ್ ಲೋಟಗಳು ನಡುಗುತ್ತವೆ. ಸಂಜೆ ಆರರ ಮೇಲೆ ರಿಮೋಟು ಯಾರ ಕೈಯಲ್ಲಿರುತ್ತದೆಂದು ನಿಮಗೂ ಗೊತ್ತು. ನನ್ನ ಪಾಲಿಗೆ ಉಳಿದದ್ದು ನೋಟ್‌ಬುಕ್ ತಿದ್ದುವ ಹತ್ತಡಿ ಉದ್ದ, ಒಂಬತ್ತಡಿ ಅಗಲದ ಕೋಣೆ; ಜೊತೆಗೆ ಬಿ.ಎ. ಓದುವಾಗಿನಿಂದ ಕೂಡಿಟ್ಟ ಒಂದು ಡಬ್ಬ ಭಾವಗೀತೆಯ ಕ್ಯಾಸೆಟ್ಟುಗಳು.

ಇನ್ನೊಂದು ಕಾರಣವೂ ಇತ್ತು. ಹೇಳಿಕೊಳ್ಳಲು ಸ್ವಲ್ಪ ನಾಚಿಕೆ. ಬಹಳ ವರ್ಷಗಳಿಂದ ತರಗತಿಯಲ್ಲಿ ನಾನೊಂದು ತೀರ್ಪು ಕೊಡುತ್ತ ಬಂದಿದ್ದೆ: ಮೈಸೂರು ಅನಂತಸ್ವಾಮಿಯವರು ಕವಿತೆಯನ್ನು ಹಾಡಿದರು, ಸಿ. ಅಶ್ವತ್ಥ್ ಕವಿತೆಯ ಮೇಲೆ ಕೂತು ಹಾಡಿದರು. ವಾದ್ಯದ ಗದ್ದಲದಲ್ಲಿ ಪದ ಮುಳುಗುತ್ತದೆ ಎಂದು ನನ್ನ ದೂರು. ಒಮ್ಮೆ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಎದ್ದು, "ಮಿಸ್, ನೀವು ಯಾವುದರಲ್ಲಿ ಕೇಳಿದ್ದು? ನಂಗೆ ಮೊಬೈಲಲ್ಲಿ ಎಲ್ಲ ಪದ ಕೇಳುತ್ತೆ" ಅಂದಳು. ಕೂತ್ಕೋ ಅಂದೆ. ಮಾತು ಮಾತ್ರ ಕೂರಲಿಲ್ಲ.

ಒಂದು ಭಾನುವಾರ ನಲ್ಲೂರಿನಿಂದ ಬಸ್ಸು ಹಿಡಿದು ಬೆಂಗಳೂರಿನ ಎಸ್.ಪಿ. ರೋಡಿಗೆ ಹೋದೆ. ಹಳೆಯ ಆಂಪ್ಲಿಫೈಯರ್ 2,500 ರೂಪಾಯಿ, ಎರಡು ಪುಟ್ಟ ಸ್ಪೀಕರ್ 2,800, ವೈರು 300. ಮನೆಯಲ್ಲಿದ್ದ ಟೇಪ್ ಡೆಕ್ಕಿಗೆ ಬೆಲ್ಟು ಹಾಕಿಸಿ ಹೆಡ್ಡು ಒರೆಸಿಸಿದ್ದು 600. ಒಟ್ಟು 6,200. ಅಂಗಡಿಯವರು ನೂರು ವಾಟಿನದು ತೋರಿಸಿದರು. ನಾನು ಇಪ್ಪತ್ತಕ್ಕೇ ನಿಂತೆ. ವಾಟು ಇಮ್ಮಡಿಯಾದರೆ ಶಬ್ದ ಏರುವುದು ಮೂರೇ ಡೆಸಿಬೆಲ್, ಕಿವಿಗೆ ಒಂದಿಷ್ಟೇ ಇಷ್ಟು. ಸ್ಪೀಕರಿನ ವೂಫರ್ ನಾಲ್ಕಿಂಚಿನದು. ದೊಡ್ಡದೇ ಒಳ್ಳೆಯದೆಂದು ನೀವೂ ಅಂದುಕೊಂಡಿರಬಹುದು. ಆದರೆ ಹತ್ತಡಿ ಗೋಡೆಗಳ ನಡುವೆ ಸುಮಾರು 56 ಹರ್ಟ್ಸಿನ ತಗ್ಗು ಸ್ವರ ಸಿಕ್ಕಿಕೊಂಡು ಊದಿಕೊಳ್ಳುತ್ತದೆ. ಪುಟ್ಟ ವೂಫರ್ ಅಲ್ಲಿಗೆ ಹೆಚ್ಚು ಇಳಿಯುವುದೇ ಇಲ್ಲ, ಕೋಣೆ ಗುಂಯ್‌ಗುಡುವುದೂ ಇಲ್ಲ.

ಜೋಡಿಸಿದ್ದು ನಾನೇ. ಹಾಕಿದರೆ ಅಶ್ವತ್ಥರ ದನಿ ಎಲ್ಲಿಂದ ಬರುತ್ತಿದೆಯೆಂದೇ ತಿಳಿಯದು, ತಬಲಾಕ್ಕೆ ತೂಕವೇ ಇಲ್ಲ. "ನೋಡಿದೆಯಾ, ಆರು ಸಾವಿರ!" ಅಂದರು ಮನೆಯವರು. ಮಾರನೆಯ ದಿನ ನಮ್ಮ ವಿಜ್ಞಾನದ ಮೇಷ್ಟ್ರು ಬಂದು ಬಗ್ಗಿ ನೋಡಿ ನಕ್ಕರು. ಒಂದು ಸ್ಪೀಕರಿಗೆ ಕೆಂಪು ವೈರನ್ನು ಕಪ್ಪಿಗೆ ಸಿಕ್ಕಿಸಿದ್ದೆ. ಒಂದು ಮುಂದೆ ತಳ್ಳುವಾಗ ಇನ್ನೊಂದು ಹಿಂದಕ್ಕೆ ಎಳೆದು, ತಗ್ಗು ಸ್ವರಗಳು ಒಂದನ್ನೊಂದು ಅಳಿಸುತ್ತಿದ್ದವು. ಸರಿಪಡಿಸಿ, ಮೂಲೆಯಿಂದ ಎರಡಡಿ ಈಚೆಗೆ ಎಳೆದು, ಕೂತವಳ ಕಿವಿಯ ಎತ್ತರಕ್ಕೆ ಇಟ್ಟೆವು.

ಆಮೇಲೆ ಕೇಳಿದೆ. ಶರೀಫರ ತತ್ವಪದಗಳಲ್ಲಿ ನಾನು ಅರಚಾಟವೆನ್ನುತ್ತಿದ್ದ ಆ ತಾರಸ್ಥಾಯಿ ಅರಚಾಟವಲ್ಲ. ಬಯಲಲ್ಲಿ ಕೂತ ಜನರ ಹಿಂದಿನ ಸಾಲಿಗೂ ಮುಟ್ಟಲೆಂದು ಎತ್ತಿದ ದನಿ. ಒಂದು ಒತ್ತಕ್ಷರವೂ ಜಾರಿಲ್ಲ. 2005ರಲ್ಲಿ ಅರಮನೆ ಮೈದಾನದಲ್ಲಿ ಸಾವಿರಾರು ಜನರೆದುರು 'ಕನ್ನಡವೇ ಸತ್ಯ' ನಡೆಸಿದವರ ಗಂಟಲು ಇದು. 'ಮೈಸೂರ ಮಲ್ಲಿಗೆ'ಯಲ್ಲಿ ರತ್ನಮಾಲಾ ಪ್ರಕಾಶ್ ಹಾಡುವಾಗ ಅದೇ ಅಶ್ವತ್ಥ್ ರಾಗವನ್ನು ಎಷ್ಟು ಮೆತ್ತಗೆ ಹಿಡಿದಿದ್ದಾರೆ! ಪದ ಮುಳುಗಿಸಿದ್ದು ಅವರಲ್ಲ, ನಮ್ಮ ಹಾಲ್‌ನ ಡಬ್ಬ. ಅವರು ತೀರಿಕೊಂಡದ್ದು 2009ರಲ್ಲಿ. ನನ್ನ ತೀರ್ಪು ಹಿಂತೆಗೆದುಕೊಳ್ಳುವಾಗ ಕೇಳಿಸಿಕೊಳ್ಳಲು ಅವರಿಲ್ಲ.

ಎಲ್ಲವನ್ನೂ ಹಿಂತೆಗೆದುಕೊಂಡಿಲ್ಲ. ಕೆಲವು ಹಾಡುಗಳಲ್ಲಿ ಚರಣದ ನಡುವಿನ ವಾದ್ಯ ಅಷ್ಟು ಉದ್ದವಾಗಿ, ಕವಿ ಹಿಂದೆ ಹೇಳಿದ ಸಾಲೇ ಮರೆತುಹೋಗುತ್ತದೆ. ಅಲ್ಲಿ ಅನಂತಸ್ವಾಮಿಯವರೇ ಮೇಲು. ನಿಸಾರ್ ಅಹಮದರ 1978ರ 'ನಿತ್ಯೋತ್ಸವ' ಕ್ಯಾಸೆಟ್ಟನ್ನು ಈಗ ಕೇಳಿದರೂ ಕವಿತೆಗೆ ಅವಸರವಿಲ್ಲ. ಆದರೆ ಕೋಪಕ್ಕೆ, ಬೈರಾಗಿಯ ಮೊಂಡುತನಕ್ಕೆ ಅವರ ಸೌಮ್ಯ ದನಿ ಸಾಲದೆಂದು ಈಗಷ್ಟೇ ಹೊಳೆದಿದೆ.

2008ರಲ್ಲಿ ದೇವನಹಳ್ಳಿಗೆ ವಿಮಾನ ನಿಲ್ದಾಣ ಬಂದಮೇಲೆ ಹುಣಸೆತೋಪಿನ ಮೇಲೂ ಮೊರೆತ ಕೇಳುತ್ತದೆ. ವಿಮಾನ ಬಂದರೆ ವಾಲ್ಯೂಮ್ ಏರಿಸುವುದಿಲ್ಲ; ಪಾಸ್ ಒತ್ತಿ ಕಾಯುತ್ತೇನೆ. ಮೊನ್ನೆ ಹಾಗೆ ನಿಲ್ಲಿಸಿದಾಗ, "ಯಾಕೆ ನಿಲ್ಲಿಸಿದೆ?" ಎಂದು ಹಾಲ್‌ನಿಂದ ಮನೆಯವರ ದನಿ ಬಂತು. ಟಿ.ವಿ. ಆರಿಸಿದ್ದರು. ಆ ಹುಡುಗಿ ಈಗ ದೊಡ್ಡಬಳ್ಳಾಪುರದಲ್ಲಿ ಪಿ.ಯು.ಸಿ. ಓದುತ್ತಿದ್ದಾಳೆ. ದಸರಾ ರಜೆಗೆ ಬಂದಾಗ ಕರೆದು ಕೂರಿಸಬೇಕು.